ಎತ್ತರಿಸಿದ ಬಾಗಿಲು

ಕೆಂಗೇರಿಯ ನಮ್ಮ ಎದುರುಮನೆಯ ಜಗಲಿಯಲ್ಲಿ ಆ ಮನೆಯೊಡತಿ, ಪಕ್ಕದ ಮನೆಯ ಅಜ್ಜಿ, ನಾನು, ಜೊತೆಗೆ ಮುಖವೆಲ್ಲ ಸುಟ್ಟ ಕಲೆಯಾಗಿದ್ದ ಒಬ್ಬ ಗಂಡಸು ಕೂತಿದ್ದೆವು. ಯುದ್ಧ ಮುಗಿದು ಏಳೆಂಟು ವರ್ಷವಾಗಿತ್ತು. ಯುದ್ಧಕ್ಕೆ ಹೋಗಿ ಸುದ್ದಿಯೇ ಇಲ್ಲದ ಈ ಮನೆಯ ಮಗ ತಾನೇ ಎಂದು ಅವನು ಹೇಳುತ್ತಿದ್ದ.

ಅಜ್ಜಿ ಸುಲಭಕ್ಕೆ ನಂಬುವವರಲ್ಲ. ನೀರು ಬೆರೆಸಿದೆಯೋ ಎಂದು ಹಾಲನ್ನು ಉಗುರಿನ ಮೇಲೆ ಒಂದು ಹನಿ ಬಿಟ್ಟು ನೋಡದೆ ಕೊಂಡವರಲ್ಲ. ಪ್ರಸಾದವನ್ನೂ ಮೂಸಿಯೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು. "ಇರ್ಲಿ, ನೋಡೋಣ" ಎಂಬುದೇ ಅವರ ಮಾತು.

"ನಿಮ್ಮನೆ ಎತ್ತಿನ ಹೆಸರೇನಪ್ಪಾ?" ಎಂದು ಕೇಳಿದರು.

ಅವನು ಹಣೆ ಉಜ್ಜಿಕೊಂಡ. "ನೆನಪಾಗ್ತಿಲ್ಲ ಅಜ್ಜಿ."

"ಊರಿಗೆಲ್ಲ ಗೊತ್ತಿದ್ದ ಎತ್ತು. ನಿಂಗೊಬ್ನಿಗೆ ಮರ್ತೋಯ್ತಾ?"

ತಾಯಿ ಕಣ್ಣೊರೆಸಿಕೊಂಡರು. "ಸಾಕು ಬಿಡಿ ದೊಡ್ಡಮ್ಮ. ನನ್ ಮಗ್ನೇ ಆಗಿದ್ರೆ?"

"ಅಲ್ದಿದ್ರೆ? ಒಂಟಿ ಹೆಂಗಸು ನೀನು, ಮನೆ ಬರ್ಕೊಟ್ಟು ಬೀದಿಗೆ ಬೀಳ್ತೀಯಾ? ಇರ್ಲಿ, ನೋಡೋಣ. ಹೋಗಪ್ಪಾ, ಒಳಗಿಂದ ಒಂದು ಲೋಟ ನೀರು ತಗೊಂಬಾ."

ಅವನು ಎದ್ದ. ಜಗಲಿಯಿಂದ ನೇರಕ್ಕೆ ಕಾಣುವ ಆ ಮನೆಯ ಅಡುಗೆಮನೆಯ ಬಾಗಿಲು ಮೊದಲು ಬಹಳ ತಗ್ಗು. ಗಂಡಸರೆಲ್ಲ ಹಣೆ ಬಡಿಸಿಕೊಂಡೇ ಬಗ್ಗುವುದನ್ನು ಕಲಿತಿದ್ದರು. ಮಗ ಹೋದ ಮೇಲೆ ಅದನ್ನು ಒಡೆಸಿ ಎತ್ತರಿಸಿದ್ದರು. ಈಗ ಅವನ ತಲೆಯ ಮೇಲೆ ಗೇಣುದ್ದ ಜಾಗವಿತ್ತು. ಆದರೂ ಹೊಸ್ತಿಲಿಗೆ ಬಂದವನು, ಯಾವ ಯೋಚನೆಯೂ ಇಲ್ಲದೆ, ತಲೆ ತಗ್ಗಿಸಿಕೊಂಡು ಒಳಹೋದ.

ಅಜ್ಜಿ ತಾಯಿಯ ಕೈ ಹಿಡಿದುಕೊಂಡರು.

ಮರುದಿನ ಬೆಳಿಗ್ಗೆ ಎಣ್ಣೆಬಟ್ಟಲು ಹಿಡಿದು ಬಂದು, ಅವನ ತಲೆಗೆ ತಾವೇ ಎಣ್ಣೆ ತಟ್ಟಿದರು. ಅಷ್ಟರಲ್ಲಿ ಹಾಲಿನವನು ಬಂದ. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಹೆಬ್ಬೆರಳ ಉಗುರನ್ನು ಮುಂದೆ ಚಾಚಿದರು.