ಬಾಗಿಲು ತೆಗೆಯುವ ಮೊದಲು ಹೇಳುವ ಮಾತು

ನಿಜಾಮರ ಆಳ್ವಿಕೆ ಮುಗಿದ ಹೊಸತು. ಗದ್ದಲದಲ್ಲಿ ಹೈದರಾಬಾದಿಗೆ ಹೋದ ಗಂಡ ತಿರುಗಿ ಬಂದಿರಲಿಲ್ಲ. ಪುಟ್ಟ ಮಗಳನ್ನು ಕಟ್ಟಿಕೊಂಡು ಯಾದಗಿರಿಯಲ್ಲಿ ಕ್ರೈಸ್ತ ಸನ್ಯಾಸಿನಿಯರ ದವಾಖಾನೆಯ ಬಾಗಿಲು ಕಾಯಲು ಸೇರಿದೆ. ಅಲ್ಲಿದ್ದ ವಯಸ್ಸಾದ ಸಿಸ್ಟರ್ ಪರದೇಶದವರು. ಕನ್ನಡವನ್ನು ನಮ್ಮ ಹೆಂಗಸರಿಂದಲೇ ಕಲಿತಿದ್ದರು. ಯಾರಾದರೂ ಬಾಗಿಲು ಬಡಿದರೆ, ತೆಗೆಯುವ ಮೊದಲು ಲ್ಯಾಟಿನ್ನಿನಲ್ಲಿ 'ದೇಓ ಗ್ರಾತ್ಸಿಯಾಸ್' ಅನ್ನಬೇಕೆಂದು ಹೇಳಿಕೊಟ್ಟರು. ಅವರ ಮಠಗಳಲ್ಲಿ ಅದು ಬಾಗಿಲು ಕಾಯುವವರ ಪದ್ಧತಿಯಂತೆ.

ನನ್ನ ನಾಲಿಗೆ ಹೊರಳುತ್ತಿರಲಿಲ್ಲ. "ತ್ಸಿ, ತ್ಸಿ," ಎಂದು ಹಲ್ಲಿನ ಹಿಂದೆ ನಾಲಿಗೆ ಒತ್ತಿ ತೋರಿಸುವರು. ಮಗಳು ಬಿದ್ದು ಬಿದ್ದು ನಗುವಳು.

"ಹಂಗಂದ್ರ ಏನ್ರಿ?" ಎಂದೆ.

"ದೇವರ ಉಪಕಾರ ಆತು ಅಂತ."

"ಕಾಲು ಕೊಳತಾಂವ ಬಂದ್ರೂ ದೇವರ ಉಪಕಾರ ಏನ್ರಿ?"

"ಬಂದಾನಲ್ಲ, ಅದಕ್ಕ."

ವಾಸಿಯಾದವರು ಹೊರಟಾಗ ಇನ್ನೊಂದು: 'ಲಾಉಸ್ ದೇಓ', ದೇವರಿಗೆ ಸ್ತುತಿ. ನಮ್ಮ ಕಡೆ ಬಾಯಿಬಿಟ್ಟು ಉಪಕಾರ ಹೇಳುವ ರೂಢಿಯಿಲ್ಲ. ಶುಕ್ರಿಯಾ ಎನ್ನುವುದು ಕಚೇರಿಯ ಮಾತು. ಈ ಎರಡನ್ನೂ ನಾನು ಸಂಬಳಕ್ಕಾಗಿ ಹೇಳುತ್ತಿದ್ದೆ.

ಆ ಮಳೆಗಾಲ ಮಗಳಿಗೆ ಗಂಟಲಮಾರಿ ಬಂತು. ಶಹಾಪುರಕ್ಕೆ ಹೋದ ಡಾಕ್ಟರೂ ಬೇರೆ ಸಿಸ್ಟರುಗಳೂ ಭೀಮೆ ತುಂಬಿದ್ದರಿಂದ ಆಚೆಯೇ ಉಳಿದಿದ್ದರು. ಚುಚ್ಚುಮದ್ದು ರಾಯಚೂರಿನಿಂದ ರೈಲಿಗೆ ಬರಬೇಕಿತ್ತು. ಸಿಸ್ಟರ್ ಒಬ್ಬರೇ ಕೂತು, ಮಗಳ ಗಂಟಲಲ್ಲಿ ಕಟ್ಟುತ್ತಿದ್ದ ಪೊರೆಯನ್ನು ಅರಿವೆಯಿಂದ ತೆಗೆಯುತ್ತಿದ್ದರು. ಆ ಕೈ ನಿಂತರೆ ಉಸಿರೂ ನಿಲ್ಲುತ್ತದೆಂದು ನನಗೆ ಗೊತ್ತಿತ್ತು.

ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಮದ್ದು ಬಂತೆಂದು ಓಡಿದೆ. ಹೊರಗೆ ಮುದುಕಿಯೊಬ್ಬಳ ದನಿ.

"ತೆಗೀರಿ ಯವ್ವಾ! ಬಳಿಚಕ್ರದಿಂದ ಬಂದೀವ್ರಿ. ಆಡಿಗೆ ತಪ್ಪಲ ಕಡಿಯಾಕ ಹೋಗಿ ಮಗ ತೊಡೀಗೆ ಕೊಡ್ಲಿ ಹಾಕ್ಕೊಂಡಾನ, ರಕ್ತ ನಿಲ್ಲವಲ್ದು!"

ಚಿಲಕದ ಮೇಲೆ ಕೈ ಇಟ್ಟು ನಿಂತೆ. ತೆಗೆದರೆ ಸಿಸ್ಟರ್ ಮಗಳನ್ನು ಬಿಟ್ಟು ಏಳಬೇಕು. ಆ ದೇವರ ಮೇಲೆ, ಆ ಮುದುಕಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಡಿದುಕೊಳ್ಳಲು ಇವನಿಗೆ ಬೇರೆ ದಿನ ಸಿಗಲಿಲ್ಲವೇ? ಮುದುಕಿ ಮತ್ತೆ ದಬದಬ ಬಾಗಿಲು ಬಡಿದಳು. "ದೇಓ ಗ್ರಾತ್ಸಿಯಾಸ್," ಎಂದು ಬೈದ ಹಾಗೆ ಹೇಳಿ ಚಿಲಕ ತೆಗೆದೆ.

ಸಿಸ್ಟರ್ ಅರಿವೆಯನ್ನು ನನ್ನ ಕೈಗಿಟ್ಟರು. "ನಾ ಮಾಡಿದಂಗ ಮಾಡು, ಬಂದೆ."

ಮಾಡಿದೆ. ನನಗೆ ಬರಲಿಲ್ಲ. ಅವನ ರಕ್ತ ನಿಲ್ಲಿಸಿ ಅವರು ಬರುವಷ್ಟರಲ್ಲಿ ಮಗಳ ಉಸಿರು ನಿಂತಿತ್ತು. ಮದ್ದು ಸಂಜೆಯ ರೈಲಿಗೆ ಬಂತು.

ಮಗ ಉಳಿಯುತ್ತಾನೆಂದು ತಿಳಿದ ಮುದುಕಿ ಆಡು ನೋಡಿಕೊಳ್ಳಲು ಆಗಲೇ ಊರಿಗೆ ಹೋಗಿದ್ದಳು. ಅವನಿಗೆ ನನ್ನ ಮಗಳ ಸುದ್ದಿ ಹೇಳಬಾರದೆಂದು ಎಲ್ಲರಿಗೂ ಹೇಳಿದ್ದೆ. ಹೇಳಿ ಆಗುವುದೇನಿತ್ತು? ಗಾಯ ಮಾಯ್ದ ಮೇಲೆ ಅವಳು ಕರೆದೊಯ್ಯಲು ಬಂದಳು. ಹೊಸ್ತಿಲಲ್ಲಿ ನಿಂತು ನನ್ನ ಗದ್ದ ಹಿಡಿದಳು.

"ನೀ ಬಾಗಲಾ ತೆಗದಿ, ಅಂವ ಉಳದ. ನಿನ್ನ ಹೊಟ್ಟಿ ತಣ್ಣಗಿರ್ಲಿ, ತಾಯಿ. ಮಕ್ಕಳೆಷ್ಟು ನಿನಗ?"

"ಒಬ್ಬಾಕಿ."

"ನೂರು ವರ್ಷ ಬಾಳ್ಲಿ ಆಕಿ."

ಹೂಂ ಎಂದೆ.