ಮೇಳಕ್ಕೆ ಹೊರಟ ಕುರ್ತಾಗಳ ಅರಿಶಿನ

ಶ್ರಾವಣ ಶುಕ್ರವಾರ, ಬೆಳಗ್ಗೆ ಆರೂವರೆ, ಗಜೇಂದ್ರಗಡ. ಹಾಜರಿದ್ದವರು ನಾನು, ಮಗಳು ವಾಣಿ, ನೇಕಾರರ ಮನೆಯ ಶಾಂತವ್ವ. ಇಸ್ತ್ರಿ ಮಾಡಿಟ್ಟಿದ್ದ ಪ್ರತಿ ಕುರ್ತಾದ ಕೆಳಮೂಲೆಯಲ್ಲೂ ಅರಿಶಿನ-ಕುಂಕುಮದ ಬೊಟ್ಟು!

ಕೈಮಗ್ಗದ ಸೀರೆ ಬಟ್ಟೆಯಲ್ಲಿ ಕುರ್ತಾ ಹೊಲಿಸಿ ಮಾರುವ ವಾಣಿಯ ಹೊಸ ಬ್ರ್ಯಾಂಡಿಗೆ ಬೆಂಗಳೂರಿನದೇ ಮೊದಲ ವ್ಯಾಪಾರ ಮೇಳ. ಮಧ್ಯಾಹ್ನ ಅವಳು ಬಸ್ಸು ಹತ್ತಬೇಕು. ತಿಂಗಳುಗಟ್ಟಲೆ ಅಂಗಡಿಗಳಿಗೆ ಫೋಟೊ ಕಳಿಸಿ, ಫೋನು ಮಾಡಿ, ಕೊನೆಗೆ ಒಬ್ಬರೇ ಒಬ್ಬರು ಅಂಗಡಿಯವರು, ಕೆಂಪಂಚಿನ ಕುರ್ತಾವನ್ನು ಮೇಳದಲ್ಲಿ ಕೈಯಲ್ಲಿ ಹಿಡಿದು ನೋಡಿ ಆರ್ಡರ್ ಕೊಡುತ್ತೇವೆ ಎಂದಿದ್ದರು.

"ಏನಿದು ಶಾಂತವ್ವ?"

"ಮೊದಲನೇ ಸಲ ಮನಿ ಬಿಟ್ಟು ಹೊಂಟಾವ್ರಿ ಅಕ್ಕಾರ. ಬರೇ ಹಂಗ ಕಳಸಾಕ ಬರತೈತೇನ್ರಿ?"

ನಮ್ಮ ಮೈಸೂರಿನಲ್ಲೂ ಹೊಸ ಬಟ್ಟೆಗೆ ಅರಿಶಿನ ಹಚ್ಚುತ್ತೇವೆ. ಆದರೆ ಉಡುವವರು ಹಚ್ಚುತ್ತಾರೆ, ಮಾರುವವರಲ್ಲ. ಹಾಸ್ಟೆಲ್ ವಾರ್ಡನ್ ಆಗಿ ನಿವೃತ್ತಳಾದ ನನಗೆ ಕೇಳದೆ ಮಾಡುವ ಕೆಲಸ ಕಂಡರಾಗದು. ಮಗಳ ಜೊತೆ ಇಲ್ಲಿಗೆ ಬಂದಾಗಿನಿಂದ ಇದೇ ಗೋಳು. ಬಾಗಿಲು ತಟ್ಟದೆ ಒಳಗೆ ಬರುತ್ತಾರೆ. ರೊಟ್ಟಿ ಬಿಟ್ಟು ಅನ್ನ, ಸಾರು ಮಾಡಿಕೊಂಡರೆ "ಆರಾಮ ಇಲ್ಲೇನ್ರಿ?" ಎಂದು ಮೈ ಹುಷಾರು ವಿಚಾರಿಸುತ್ತಾರೆ. ದರ್ಜಿ "ಲಗೂ ಬರ್ತೇನ್ರಿ" ಎಂದು ಹೋದವನು ಸಂಜೆಗೆ ಬರುತ್ತಾನೆ. ಲಗೂ ಎಂದರೆ ಬೇಗ ಎಂದರ್ಥವಂತೆ.

ಸಿಟ್ಟಿನಲ್ಲಿ ಕೆಂಪಂಚಿನದನ್ನೇ ಬಚ್ಚಲಿಗೆ ಎತ್ತಿಕೊಂಡು ಹೋಗಿ ಸೋಪು ಹಾಕಿ ತಿಕ್ಕಿದೆ. ಅರಿಶಿನ ರಕ್ತದ ಬಣ್ಣಕ್ಕೆ ತಿರುಗಿ ಅಂಗೈಯಗಲ ಹರಡಿತು.

"ಅಮ್ಮಾ, ಉಳಿದದ್ದನ್ನ ದಯವಿಟ್ಟು ಮುಟ್ಟಬೇಡ" ಎಂದಳು ವಾಣಿ. ಆ ಅಂಗಡಿಯವರಿಗೆ ಫೋನು ಮಾಡಿ, ಕೆಂಪಂಚಿನದು ತರಲಾಗದು ಎಂದಳು. ಇದ್ದದ್ದನ್ನು ತನ್ನಿ, ನೋಡೋಣ ಎಂದರಂತೆ. ನಮ್ಮ ಕಡೆ 'ನೋಡೋಣ' ಎಂದರೆ ಮುಗಿಯಿತು.

ಉಳಿದ ಕುರ್ತಾಗಳ ಕೆಳಗಂಚನ್ನು ಬೆರಳಗಲ ಒಳಮಡಚಿದರೆ ಬೊಟ್ಟು ಮರೆಯಾಗುತ್ತದೆ ಎಂದು ವಾಣಿಯೇ ತೀರ್ಮಾನಿಸಿದಳು. ಶಾಂತವ್ವ, ನಾನು ಸೂಜಿ ಹಿಡಿದು ಕೂತೆವು.

"ಸಿಟ್ಟ ಬಂದೈತೇನ್ರಿ ಅಕ್ಕಾರ?"

"ಬಂದಿದೆ."

"ಬರ್ಲಿ ಬಿಡ್ರಿ. ಹೊಲಿಗಿ ಮಾತ್ರ ಸಣ್ಣಗ ಹಾಕ್ರಿ. ನಿಮ್ಮ ಸಿಟ್ಟು ಅಂಗಡಿಯವ್ರಿಗೆ ಕಾಣಬಾರ್ದು."

ನಗು ಬಂತು. ತೋರಿಸಿಕೊಳ್ಳಲಿಲ್ಲ.

ವಾಣಿಯನ್ನು ಬಸ್ಸು ಹತ್ತಿಸಿ ಮನೆಗೆ ಬಂದೆ. ಅಷ್ಟರಲ್ಲಿ ಮೈಸೂರಿನಿಂದ ತಂಗಿಯ ಫೋನು. ನಡೆದದ್ದನ್ನೆಲ್ಲ ಹೇಳಿ, "ಈ ಜನರ ಜೊತೆ ಏಗೋಕಾಗಲ್ಲ ಕಣೇ" ಎಂದೆ.

"ನಾನು ಆಗಲೇ ಹೇಳಿರಲಿಲ್ವಾ ಅಕ್ಕ? ಆ ಕಡೆಯವರಿಗೆ ಒಂದು ಶಿಸ್ತೇ ಇಲ್ಲ. ಸುಮ್ಮನೆ ವಾಪಸ್ ಬಾ."

"ಅವರ ಸುದ್ದಿ ನಿನಗ್ಯಾಕೆ?" ಎಂದು ರೇಗಿ ಫೋನಿಟ್ಟೆ. ಅಷ್ಟು ಕೋಪ ಬೆಳಗ್ಗೆ ಶಾಂತವ್ವನ ಮೇಲೂ ಬಂದಿರಲಿಲ್ಲ.

ಬಕೆಟ್ಟಿನಲ್ಲೇ ಉಳಿದಿದ್ದ ಕೆಂಪಂಚಿನ ಕುರ್ತಾವನ್ನು ಹಿಂಡಿ, ಅರಿಶಿನದ ಕಲೆ ಮಾಸಲೆಂದು ಬಿಸಿಲು ಬೀಳುವ ಕಡೆ ತಂತಿಗೆ ಹರವಿದೆ.