ಗೋಮುಖಕ್ಕೆ ಎರಡನೆಯ ಸಲ

ಕಾಶಿಯ ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೋಗುವ ಆಟೋ ನಮ್ಮ ಶಿವಾಲದ ಗಲ್ಲಿಯ ಬಾಯಲ್ಲಿ ನಿಂತು ಹಾರನ್ ಬಾರಿಸುತ್ತಿತ್ತು. ಅಕ್ಕ ಮಾತ್ರ ನನ್ನ ಚೀಲದ ಬಟ್ಟೆಗಳ ನಡುವೆ ಜಾಗ ಮಾಡಿ ಅಪ್ಪನ ತಾಮ್ರದ ಗಿಂಡಿಯನ್ನು ತುರುಕುತ್ತಿದ್ದಳು.

"ಗೋಮುಖದ ನೀರು ತುಂಬಿಸ್ಕೊಂಡು ಬಾ. ದಾರೀಲಿ ಎಲ್ಲೋ ನಲ್ಲಿ ತಿರುಗಿಸಿ ತುಂಬಿಸ್ಬೇಡ. ನಂಗೆ ಗೊತ್ತಾಗತ್ತೆ."

"ತರ್ತೀನಿ ಅಕ್ಕ. ಎರಡನೇ ಸಲ ಹೋಗ್ತಿರೋದು, ದಾರಿ ಗೊತ್ತು."

"ಎರಡನೇ ಸಲಾನಾ? ಮೊದಲನೇ ಸಲ ಯಾವಾಗ ಹೋಗಿದ್ದೆ?"

"ಅಪ್ಪನ ಜೊತೆ. ನಂಗೆ ಏಳು ವರ್ಷ ಆಗಿದ್ದಾಗ."

ಅಕ್ಕ ಚೀಲದಿಂದ ಕೈ ತೆಗೆದಳು. "ಅರೆ, ಹೋಗಿದ್ದು ಶ್ರೀಧರ ಕಣೋ. ನಿಂಗೆ ಗಂಗೋತ್ರೀಲಿ ಮೈ ಸುಡೋ ಬುಖಾರ್. ಧರ್ಮಶಾಲೇಲಿ ನಿನ್ನನ್ನ ತೊಡೆ ಮೇಲೆ ಹಾಕ್ಕೊಂಡು ಎರಡು ದಿನ ಕೂತಿದ್ದೋಳು ನಾನು."

ನಾನು ನಕ್ಕೆ. ಅಕ್ಕ ನಗಲಿಲ್ಲ. "ನಂಬಿಕೆ ಇಲ್ದಿದ್ರೆ ಅಲ್ಲಿ ಪಂಡಾನ ಬಹಿ ಪುಸ್ತಕ ತೆಗೆಸಿ ನೋಡು. ಅಪ್ಪ ಬರೀದೆ ಬಂದಿರಲ್ಲ."

ರೈಲು ಹೊರಟು ಊರು ಹಿಂದೆ ಸರಿದ ಮೇಲೂ ನನಗೆ ಆ ಮಾತಿನದೇ ಯೋಚನೆ. ಗಂಗೆ ಹುಟ್ಟುವ ಹಿಮನದಿ ನೋಡಬೇಕು, ಬೆಟ್ಟದ ಪ್ರಾಣಿಗಳನ್ನು ನೋಡಬೇಕು ಎಂದು ಹೊರಟವನು ನಾನು. ಇತಿಹಾಸ ಓದಿ, ಇತಿಹಾಸ ಪಾಠ ಹೇಳಿ ಬದುಕುವವನು. ಆಧಾರ ಎಲ್ಲಿ ಎಂದು ಕೇಳದೆ ಯಾರ ಮಾತನ್ನೂ ಒಪ್ಪದವನು. ಅದೇ ಕಾರಣಕ್ಕೆ ಅಪ್ಪನಿಗೂ ನನಗೂ ಆಗಿಬರಲಿಲ್ಲ. ಅವರು ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಸಂಕಲ್ಪ ಮಾಡಿಸುತ್ತಿದ್ದ ಪುರೋಹಿತರು. ನಾನು ಆ ವೃತ್ತಿ ಬೇಡವೆಂದ ಮೇಲೆ ನಮ್ಮ ನಡುವೆ ಊಟಕ್ಕೆ ಕರೆಯುವಷ್ಟು ಮಾತು ಮಾತ್ರ ಉಳಿಯಿತು. ಅವರು ನನ್ನನ್ನು ಮುಟ್ಟಿ ಮಾತಾಡಿಸಿದ ಒಂದೇ ನೆನಪು ನನ್ನಲ್ಲಿತ್ತು. ಗೋಮುಖದಲ್ಲಿ ಒಂದು ದೊಡ್ಡ ಬಂಡೆಯ ಪಕ್ಕ ನನ್ನ ಅಂಗೈ ಹಿಡಿದು ಹಿಮದ ಮೇಲೆ ಒತ್ತಿ, "ಇವಳೇ ಕಣೋ, ನಮ್ಮನೆ ಮುಂದೆ ಹರಿಯೋಳು" ಅಂದಿದ್ದು. ಅಂಗೈಯ ಉರಿ, ಕಂಬಳಿಯ ಒದ್ದೆ ವಾಸನೆ, ಅದರ ಜೊತೆಗೆ ಇನ್ನೇನೋ ಒಂದು ಚೂಪಾದ ವಾಸನೆ, ಎಲ್ಲವೂ ನೆನಪಿದ್ದವು. ಇದನ್ನು ಹೆಂಡತಿಗೆ ಹೇಳಿದ್ದೆ, ತರಗತಿಯಲ್ಲಿ ಹೇಳಿದ್ದೆ. ಅಕ್ಕನ ಎದುರು ಮಾತ್ರ ಯಾವತ್ತೂ ಹೇಳಿರಲಿಲ್ಲ. ನನಗಿಂತ ಆರು ವರ್ಷ ದೊಡ್ಡವನಾದ ಶ್ರೀಧರಣ್ಣ ಇಪ್ಪತ್ತಾರಕ್ಕೇ ಕಾಮಾಲೆಯಿಂದ ತೀರಿಕೊಂಡ. ಅವನನ್ನು ಹರಿಶ್ಚಂದ್ರ ಘಾಟಿಗೆ ಒಯ್ದ ಮೇಲೆ ಅವನಿದ್ದ ಯಾವ ಯಾತ್ರೆಯ ಮಾತೂ ನಮ್ಮ ಮನೆಯಲ್ಲಿ ಏಳುತ್ತಿರಲಿಲ್ಲ.

ಹರಿದ್ವಾರದಿಂದ ಉತ್ತರಕಾಶಿಗೆ ಬಸ್ಸು ಇಡೀ ಹಗಲು ತೆಗೆದುಕೊಂಡಿತು. ಎರಡು ಕಡೆ ಗುಡ್ಡ ಜರಿದು, ಮಣ್ಣು ತೆಗೆಯುವ ಯಂತ್ರ ಬರುವ ತನಕ ಕೆಳಗಿಳಿದು ಕಾದೆವು. ಉತ್ತರಕಾಶಿಯಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದೆ. ಅಲ್ಲಿಂದ ಗಂಗೋತ್ರಿಗೆ ನೂರು ಕಿಲೋಮೀಟರ್, ಹತ್ತು ಜನರನ್ನು ತುಂಬಿಕೊಂಡ ಜೀಪು. ನವರಾತ್ರಿ ಮುಗಿದ ವಾರ. ಬಿಸಿಲಿತ್ತು, ಆದರೆ ನೆರಳಿಗೆ ಹೋದ ಕೂಡಲೇ ಹಲ್ಲು ಕಟಕಟ ಅನ್ನುತ್ತಿತ್ತು. ದೇವಸ್ಥಾನದ ಹಿಂದಿನ ಓಣಿಯಲ್ಲಿ ಕಾಶಿಯವರ ತೀರ್ಥಪುರೋಹಿತನಾದ ಪಂಡಾನ ಮನೆ ವಿಚಾರಿಸಿದೆ. ಅವರು ಕೆಳಗಿನ ಊರಿಗೆ ಹೋಗಿದ್ದಾರೆ, ಮೂರು ದಿನ ಬಿಟ್ಟು ಬರುತ್ತಾರೆ ಎಂದರು. ನನಗೆ ಸಮಾಧಾನವೇ ಆಯಿತು. ಬಹಿ ಆಮೇಲೆ ನೋಡಿದರಾಯಿತು, ಮೊದಲು ಬಂಡೆಯನ್ನು ಹುಡುಕೋಣ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಏಳಕ್ಕೆ ನಡೆಯಲು ಶುರು. ಜೊತೆಗೆ ಹೊರೆ ಹೊರಲು ಧನ್ ಬಹಾದುರ್ ಎಂಬ ನೇಪಾಳಿ, ಐವತ್ತೈದರ ಆಸುಪಾಸು. ಮೂವತ್ತು ವರ್ಷದಿಂದ ಇದೇ ದಾರಿಯಲ್ಲಿ ಹತ್ತಿ ಇಳಿದವನು. ನನ್ನ ಏದುಸಿರು ನೋಡಿ ಅವನಿಗೆ ಖುಷಿಯೋ ಖುಷಿ.

"ಸಾಬ್, ಬನಾರಸಿನಲ್ಲಿ ಮೆಟ್ಟಿಲು ಇಳಿದರೆ ಗಂಗೆ ಸಿಗ್ತಾಳೆ. ಇಲ್ಲಿ ಸ್ವಲ್ಪ ಹತ್ತಬೇಕು."

ಒಂಬತ್ತು ಕಿಲೋಮೀಟರಿಗೆ ಚೀಡ್‌ಬಾಸಾ. ಅದು ದಾಟಿದ ಮೇಲೆ ಬೆಟ್ಟ ಸಡಿಲ ಮಣ್ಣು, ಕಲ್ಲು. ಧನ್ ಬಹಾದುರ್ ತಟ್ಟನೆ ನನ್ನ ಎದೆಗೆ ಕೈ ಅಡ್ಡ ಇಟ್ಟ. ಮೇಲೆ ಇಳಿಜಾರಿನಲ್ಲಿ ಭರಲ್ ಎಂಬ ಕಾಡುಕುರಿಗಳ ಹಿಂಡು. ಬಂಡೆಯದೇ ಬಣ್ಣವಾದ್ದರಿಂದ ಕದಲುವ ತನಕ ನನಗೆ ಕಾಣಿಸಲಿಲ್ಲ. ಹದಿನಾಲ್ಕು ಎಣಿಸಿದೆ. ನೋಡುತ್ತಿದ್ದಂತೆ ಒಂದು ಗಂಡು ಮುಂದಕ್ಕೆ ನೆಗೆಯಿತು. ಅದರ ಗೊರಸಿನ ಕೆಳಗಿಂದ ಜಾರಿದ ಕಲ್ಲು ಇನ್ನೂ ನಾಲ್ಕು ಕಲ್ಲು ಎಬ್ಬಿಸಿಕೊಂಡು ಬಂದು, ನಾನು ಮುಂದಿನ ಹೆಜ್ಜೆ ಇಡಬೇಕಿದ್ದ ಜಾಗದಲ್ಲೇ ಬಡಿದು ಪ್ರಪಾತಕ್ಕೆ ಹಾರಿತು. ಗುಡುಗಿನ ಹಾಗೆ ಸದ್ದು.

"ಅದು ಬೇಕಂತ ಮಾಡಿದ್ದಲ್ಲ ಸಾಬ್," ಅಂದ ಧನ್ ಬಹಾದುರ್, "ಅದಕ್ಕೆ ನಿಮ್ಮ ಪರಿಚಯ ಇಲ್ಲ."

ನನ್ನ ನೆನಪಿನಲ್ಲಿ ಈ ಕುರಿಗಳು ನೀಲಿ. ಆಕಾಶದಂಥ ಅಚ್ಚ ನೀಲಿ. ಎದುರಿಗೆ ನಿಂತಿದ್ದವು ಬೂದಿ ಬಣ್ಣದವು. ಯಾರೋ "ನೀಲಿ ಕುರಿ" ಅಂದದ್ದನ್ನು ಕೇಳಿ ಮಗು ಬಣ್ಣ ತುಂಬಿಕೊಂಡರೆ ಹೀಗಾಗುತ್ತದೆ ಎಂದು ಅನಿಸಿತು. ಅನಿಸಿದ್ದನ್ನು ಅಲ್ಲಿಗೇ ಬಿಟ್ಟೆ.

ಭೋಜ್‌ಬಾಸಾದ ಆಶ್ರಮದಲ್ಲಿ ರಾಜ್ಮಾ, ಅನ್ನ, ಮೂರು ರಜಾಯಿ. ಬೆಳಿಗ್ಗೆ ಬಕೆಟ್ಟಿನ ನೀರು ಗಡ್ಡೆ ಕಟ್ಟಿತ್ತು. ಗೋಮುಖಕ್ಕೆ ಅಲ್ಲಿಂದ ನಾಲ್ಕು ಕಿಲೋಮೀಟರ್ ಎಂದು ಫಲಕ ಹೇಳುತ್ತದೆ. ಸುಮಾರು ದೂರ ನಡೆದ ಮೇಲೆ ಧನ್ ಬಹಾದುರ್ ಹೊರೆ ಇಳಿಸಿ ಬೀಡಿ ಹಚ್ಚಿದ. ಎದುರಿಗೆ ನಮ್ಮ ಮನೆಯ ಅಂಗಳದಷ್ಟು ಅಗಲದ ಒಂದು ಬಂಡೆ. ನಡುವೆ ಸೀಳು.

ನಾನು ಹೋಗಿ ಬಂಡೆಯ ಮೇಲೆ ಕೈ ಇಟ್ಟೆ. "ಇದೇ. ಈ ಬಂಡೆಯ ಪಕ್ಕದಲ್ಲೇ ಹಿಮ ಇತ್ತು."

"ಇತ್ತು ಸಾಬ್. ನಾನು ಮೊದಲು ಬಂದಾಗ ಇಲ್ಲೇ ಹತ್ತಿರ ಇತ್ತು."

"ಈಗ?"

ಅವನು ಬೀಡಿ ಹಿಡಿದ ಕೈಯನ್ನು ಕಣಿವೆಯ ತುದಿಗೆ ಚಾಚಿದ. ಅಲ್ಲಿಯವರೆಗೂ ಬರೀ ಕಲ್ಲು. ಬೂದು ಕಲ್ಲು, ಮರಳು, ನಡುವೆ ಮಣ್ಣುಬಣ್ಣದ ನೀರು. ಹಿಮದ ಗುರುತು ಒಂದು ಅಂಗುಲವೂ ಇಲ್ಲ. ಓದಿದ್ದೆ, ಚಿತ್ರ ನೋಡಿದ್ದೆ, ತರಗತಿಯಲ್ಲಿ ಮಾತಾಡಿದ್ದೆ. ಆದರೂ ಬಂಡೆಗೆ ಬೆನ್ನು ಕೊಟ್ಟು ನಿಂತಾಗ, ಮನೆಗೆ ಬಂದು ಬಾಗಿಲು ತೆಗೆದರೆ ಒಳಗೆ ಗೋಡೆಗಳೇ ಇಲ್ಲ ಅನ್ನುವ ಹಾಗಿತ್ತು.

ಗಡಿಯಾರ ನೋಡಿಕೊಂಡೆ. ಹಿಮದ ಗೋಡೆ ಕಾಣುವ ಜಾಗಕ್ಕೆ ಮುಕ್ಕಾಲು ಗಂಟೆ ಬೇಕಾಯಿತು. ಅದೂ ಬೆಳ್ಳಗಿರಲಿಲ್ಲ. ಮಸಿ ಹಿಡಿದ ಅಡುಗೆಮನೆಯ ಗೋಡೆಯಂತೆ ಕಪ್ಪು, ಸೀಳಿನೊಳಗೆ ಮಾತ್ರ ಹಸಿರು ಛಾಯೆ. ಇಲ್ಲಿಂದ ಮುಂದೆ ಬೇಡ ಎಂದ ಧನ್ ಬಹಾದುರ್. ಅವನ ಮಾತು ಮುಗಿದಿರಲಿಲ್ಲ, ಗೋಡೆಯ ನೆತ್ತಿಯಿಂದ ಒಂದು ಲಾರಿಯಷ್ಟು ದೊಡ್ಡ ತುಂಡು ಕಳಚಿ ನೀರಿಗೆ ಬಿತ್ತು. ಸದ್ದು ಬೆಟ್ಟಗಳಿಗೆ ಬಡಿದು ಮೂರು ಸಲ ತಿರುಗಿ ಬಂತು. ಹೊಳೆ ಉಬ್ಬಿ ನಮ್ಮ ಕಾಲಬುಡದ ಕಲ್ಲುಗಳನ್ನು ತೋಯಿಸಿ ಇಳಿಯಿತು.

"ಹೀಗೆ ದಿನಾ ಬೀಳುತ್ತಾ?"

"ಬಿಸಿಲು ಬಂದರೆ ಬೀಳುತ್ತೆ. ನೀವು ಕಾಶಿಯವರು ಕೆಳಗೆ ಕುಡೀತಾ ಇರ್ತೀರಿ." ಅವನು ತಮಾಷೆಗೆ ಅಂದದ್ದು. ಇಬ್ಬರೂ ನಗಲಿಲ್ಲ.

ಗಿಂಡಿ ತೆಗೆದೆ. ನೀರಿನ ಬದಲು, ದಡಕ್ಕೆ ತೇಲಿ ಬಂದ ಹಿಮದ ಚೂರೊಂದನ್ನು ಎತ್ತಿ ಹಾಕಿದೆ. ಯಾಕೆಂದು ಗೊತ್ತಿಲ್ಲ. ಹಾಕುವ ಮೊದಲು ಮೂಸಿ ನೋಡಿದೆ, ಯಾವ ವಾಸನೆಯೂ ಇಲ್ಲ. ಆದರೆ ಚೂರು ಗಿಂಡಿಯ ತಳ ಸೇರಿ ನಾನು ಬಗ್ಗಿ ನೋಡಿದಾಗ ಮುಖಕ್ಕೆ ಹೊಡೆದದ್ದು ನಲವತ್ತು ವರ್ಷದಿಂದ ನಾನು ಬಲ್ಲ ಅದೇ ಚೂಪು ವಾಸನೆ. ಅದು ಹಿಮದ್ದಲ್ಲ, ತಣ್ಣಗಾದ ತಾಮ್ರದ್ದು. ಬಯಲಿನಲ್ಲಿ, ಬಂಡೆಯ ಪಕ್ಕ, ಹಿಮದ ಗೋಡೆಗೆ ಕೈ ಒತ್ತಿದ ಮಗುವಿಗೆ ತಾಮ್ರದ ವಾಸನೆ ಎಲ್ಲಿಂದ ಬಂತು?

ಗಂಗೋತ್ರಿಗೆ ಇಳಿದ ಮರುದಿನ ಪಂಡಾ ಸಿಕ್ಕರು. ಎಪ್ಪತ್ತು ದಾಟಿದವರು, ಉಣ್ಣೆಯ ಟೋಪಿ, ಕೈಯಲ್ಲಿ ಚಹಾ ಲೋಟ. ಬಹಿ ಎಂದರೆ ಯಾತ್ರಿಕರು ತಮ್ಮ ವಂಶ, ಊರು, ಯಾರೊಡನೆ ಬಂದೆವು ಎಂಬುದನ್ನು ತಮ್ಮದೇ ಕೈಯಿಂದ ಬರೆದಿಡುವ ಉದ್ದನೆಯ ಕೆಂಪು ಪುಸ್ತಕ. ಮುಂದಿನ ತಲೆಮಾರಿನವರು ಬಂದರೆ ಅದರ ಕೆಳಗೇ ಬರೆಯಬೇಕು. ಅಪ್ಪನೂ ಕಾಶಿಯಲ್ಲಿ ಅಂಥದೇ ಪುಸ್ತಕ ಕಾಯುತ್ತಿದ್ದವರು. ಯಾತ್ರಿಕರು ಒಂದು ಹೆಸರು ತಪ್ಪು ಬರೆದರೂ ಬಿಡುತ್ತಿರಲಿಲ್ಲ: ಬಹಿಯಲ್ಲಿ ಬರೆದದ್ದು ಪಿತೃಗಳ ಮುಂದೆ ಹೇಳಿದ ಮಾತು ಎನ್ನುತ್ತಿದ್ದರು.

ಪಂಡಾ ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿದರು. "ಶಿವಾಲದವರು... ಇಲ್ಲಿದೆ. ನಮ್ಮ ತಂದೆ ಬರೆಸಿಕೊಂಡದ್ದು. ಆದರೆ ನಿಮ್ಮ ಲಿಪಿ, ಮಾಸ್ಟರ್‌ಜೀ. ಈವರೆಗೆ ಯಾರೂ ಓದಿ ಹೇಳಿಲ್ಲ. ಬರೀ ಸುರುಳಿ ಸುತ್ತಿದ ಹಾಗೆ ಕಾಣುತ್ತೆ ನನಗೆ. ಏನಿದೆ, ಹಿಂದಿಯಲ್ಲಿ ಹೇಳಿ."

ಅಪ್ಪನ ಗುಂಡು ಗುಂಡಾದ ಕನ್ನಡ. ಅಜ್ಜನ ಹೆಸರು, ಮುತ್ತಜ್ಜನ ಹೆಸರು. ಆಮೇಲೆ: "ಜ್ಯೇಷ್ಠ ಪುತ್ರ ಶ್ರೀಧರನೊಡನೆ ಗೋಮುಖ ದರ್ಶನವಾಯಿತು. ಕನಿಷ್ಠ ಪುತ್ರನು ಜ್ವರದಿಂದ ಮಗಳೊಡನೆ ಇಲ್ಲಿಯೇ ಉಳಿದನು."

ನಾನು ಗಟ್ಟಿಯಾಗಿ ಹಿಂದಿಗೆ ತಿರುಗಿಸಿ ಹೇಳಿದೆ. ಕೊನೆಯ ವಾಕ್ಯಕ್ಕೆ ಬಂದಾಗ ನನ್ನ ದನಿ ನನ್ನದಲ್ಲದ ಹಾಗೆ ಕೇಳಿಸಿತು.

"ಆ ಕನಿಷ್ಠ ಪುತ್ರ ಯಾರು?" ಕೇಳಿದರು ಪಂಡಾ.

"ನಾನೇ."

"ಬದುಕಿ ಬಂದಿದ್ದೀರಲ್ಲ! ಆ ಕಾಲದಲ್ಲಿ ಇಲ್ಲಿ ಜ್ವರ ಬಂದವರೆಲ್ಲ ಇಳಿಯುತ್ತಿರಲಿಲ್ಲ." ಅವರು ಪೆನ್ನು ಕೊಟ್ಟರು. "ಬರೆಯಿರಿ."

ಆಧಾರ ಬೇಕು ಎನ್ನುತ್ತಿದ್ದವನಿಗೆ ಆಧಾರ ಸಿಕ್ಕಿತ್ತು. ಅಪ್ಪ ನನ್ನ ಕೈ ಹಿಡಿದಿರಲಿಲ್ಲ. ಆ ಒಂದು ದಿನವೂ ನನ್ನದಲ್ಲ. ಅಪ್ಪನ ಸಾಲಿನ ಕೆಳಗೆ ತಂದೆ ಮತ್ತು ಅಣ್ಣ ತೀರಿಕೊಂಡದ್ದನ್ನು ಬರೆದೆ. ಅದರ ಕೆಳಗೆ, "ಕನಿಷ್ಠ ಪುತ್ರನು ಈ ಸಲ ಹೋಗಿ ಬಂದನು" ಎಂದು ಬರೆದು ಸಹಿ ಹಾಕಿದೆ.

ಮೂರು ದಿನದ ಮೇಲೆ ಶಿವಾಲದ ಮನೆಯ ಮೆಟ್ಟಿಲು ಹತ್ತಿದಾಗ ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ಗಿಂಡಿಯನ್ನು ಅವಳ ಮುಂದಿಟ್ಟು, "ಹಿಮ ಹಾಕಿದ್ದೆ. ಕರಗಿದೆ," ಅಂದೆ.

ಅಕ್ಕ ಕೈ ನಿಲ್ಲಿಸಿದಳು. "ನೀನೂ ಹಿಮಾನೇ ತಂದ್ಯಾ?"

"ನೀನೂ ಅಂದ್ರೆ?"

"ಶ್ರೀಧರ ತಂದಿದ್ನಲ್ಲ. ಇದೇ ಗಿಂಡೀಲಿ. ಕರಗೋಗತ್ತೆ ಅಂತ ಅಪ್ಪನ ಕಂಬಳಿ ಸುತ್ತಿ, ಅಷ್ಟು ದೂರ ಓಡ್ಕೊಂಡು ಬಂದ, ಅಪ್ಪ ಹಿಂದಿಂದ ಬೈತಾನೇ ಇದ್ರಂತೆ. ಸಂಜೆ ಲಾಟೀನು ಹಚ್ಚೋ ಹೊತ್ತು. ನೀಲಿ ಕುರಿ ನೋಡಿದೆ, ಮನೆಯಷ್ಟು ದೊಡ್ಡ ಕಲ್ಲು ನೋಡಿದೆ ಅಂತ ಒಂದೇ ಸಮ ಬಡಬಡ. ನಿಂಗೆ ಕಣ್ಣು ಬಿಡೋಕೂ ಆಗ್ತಿರ್ಲಿಲ್ಲ. ನಿನ್ನ ಕೈ ಎಳ್ದು ಗಿಂಡಿಯೊಳಗೆ ಹಿಡಿದು, ಅಪ್ಪ ಅವನಿಗೆ ಹೇಳಿದ್ದನ್ನ ಅಪ್ಪನ ಹಾಗೇ ಗಂಟಲು ದಪ್ಪ ಮಾಡ್ಕೊಂಡು ಹೇಳಿದ: ಇವಳೇ ಕಣೋ..."

ಶ್ರೀಧರಣ್ಣನ ಮಾತು ಇಷ್ಟು ಉದ್ದಕ್ಕೆ ಅವಳ ಬಾಯಲ್ಲಿ ಕೇಳಿ ಇಪ್ಪತ್ತೇಳು ವರ್ಷವಾಗಿತ್ತು. ಸೆರಗಿನಿಂದ ಮೂಗು ಒರೆಸಿಕೊಂಡು, "ಅಪ್ಪ ನೋಡಿ ನಗ್ತಾ ಇದ್ರು," ಅಂದಳು.

ನಾನು ಗಿಂಡಿಯೊಳಗೆ ಕೈ ಇಳಿಸಿದೆ. ಮೂರು ದಿನ ರೈಲು, ಬಸ್ಸಿನಲ್ಲಿ ಕುಲುಕಿ ಬಂದ ನೀರು ಮೈಯಷ್ಟೇ ಬೆಚ್ಚಗಿತ್ತು. ಅಣ್ಣನ ಮುಖ ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ಹದಿಮೂರು ವರ್ಷದ ಒಂದು ಕೈಯ ಬಿಗಿ ಹಿಡಿತ ಮಾತ್ರ ಮಣಿಕಟ್ಟಿನ ಸುತ್ತ ಬಂದು ಕೂತಿತು. ಕೆಳಗೆ ಘಾಟಿನ ಮೆಟ್ಟಿಲಿಗೆ ನೀರು ಬಡಿಯುವುದು ಕೇಳುತ್ತಿತ್ತು.